ನಾಲ್ಕನೇ ಷರತ್ತು

ಕೇರಳದ ಗಡಿಯೊಳಗಿರುವ ಕಲ್ಲಂಜಾಲು ಪಂಚಾಯತ್ ಆಫೀಸಿನಲ್ಲಿ ಕನ್ನಡ ಮತ್ತು ಮಲಯಾಳ ಎರಡನ್ನೂ ತಪ್ಪಿಲ್ಲದೆ ಬರೆಯಬಲ್ಲವಳು ಗುಮಾಸ್ತೆ ರೋಸ್ಮೇರಿ ಕ್ರಾಸ್ತಾ ಒಬ್ಬಳೇ. ಮೇಲಿನಿಂದ ಬರುವ ಕಾಗದಗಳೆಲ್ಲ ಮಲಯಾಳದಲ್ಲಿರುತ್ತಿದ್ದವು. ಊರಿನ ಮುಕ್ಕಾಲು ಪಾಲು ಜನರಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ. ಹಾಗಾಗಿ ಹದಿನಾರು ವರ್ಷಗಳಿಂದ ನೀರಿನ ತೆರಿಗೆ, ಪೋಲಿಯೋ ಲಸಿಕೆ, ರೇಷನ್ ಕಾರ್ಡು, ಯಾವುದೇ ವಿಷಯವಾದರೂ ಸರಕಾರ ಹೇಳಿದ್ದು ಊರಿನ ಕಿವಿಗೆ ಬೀಳುತ್ತಿದ್ದುದು ರೋಸ್ಮೇರಿಯ ಕೈ ದಾಟಿಯೇ. ಸ್ಟೆನ್ಸಿಲ್ ಹಾಳೆಯ ಮೇಲೆ ಮೊನೆಯ ಕಡ್ಡಿ ಹಿಡಿದು ಅವಳು ಬರೆದ ನೋಟಿಸು ಸೈಕ್ಲೋಸ್ಟೈಲ್ ಮೆಶಿನಿನಿಂದ ಹೊರಬಂದರೆ ಅಚ್ಚು ಹಾಕಿದ ಹಾಗೆ ಇರುತ್ತಿತ್ತು. ಊರಿಗೆಲ್ಲ ಅವಳು ಬಾಯಮ್ಮ. ಹಾಲಿನ ಸೊಸೈಟಿಯ ಮುಂದೆ ನಿಂತವರು, "ಬಾಯಮ್ಮನ ಅಕ್ಷರ ನೋಡಿ, ಕನ್ನಡಕ ಇಲ್ಲದೆ ಓದ್ಲಿಕ್ಕೆ ಆಗ್ತದೆ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವಳು ಬಸ್ ಸ್ಟಾಪಿಗೆ ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದಳು.

ಕಪ್ಪು ಗೊಬ್ಬರದ ಸುದ್ದಿ ಬಂದದ್ದು ೧೯೯೭ರ ಫೆಬ್ರವರಿಯಲ್ಲಿ. ಗಡಿಯಾಚೆಯ ಪೇಟೆಯೊಂದರಲ್ಲಿ ಚರಂಡಿಯ ನೀರನ್ನು ಶುದ್ಧ ಮಾಡುವ ಘಟಕವಿತ್ತು. ನೀರು ತಿಳಿಯಾದ ಮೇಲೆ ತಳದಲ್ಲಿ ಉಳಿಯುವ ಗಸಿಯನ್ನು ಅಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿಸಿ, ಬೇಕಾದವರಿಗೆ ಗೊಬ್ಬರವೆಂದು ಕೊಡುತ್ತಿದ್ದರು. ಒಬ್ಬ ಕಂಟ್ರಾಕ್ಟರ್ ಅದನ್ನು ಲಾರಿಯಲ್ಲಿ ತಂದು ಗುಡ್ಡದ ಬುಡದಲ್ಲಿ ಸುರಿಯಲು ತಯಾರಿದ್ದ. ಮುಟ್ಟಿದರೆ ಪುಡಿಯಾಗುವ, ಹೆಚ್ಚು ವಾಸನೆಯೂ ಇಲ್ಲದ ಕಪ್ಪು ಹೆಂಟೆ. ತೂತುತೂತಾದ ಕೆಂಪು ಮುರಕಲ್ಲಿನ ಬರಡು ಗುಡ್ಡದಲ್ಲಿ ಬಾಳೆ, ಮರಗೆಣಸು ಬೆಳೆಯುವವರಿಗೆ ಅದು ಆಸೆ ಹುಟ್ಟಿಸಿತು. ಕೆಲವರು ಮೂಗು ಮುರಿದರು. "ಪೇಟೆಯವರ ಕಕ್ಕಸನ್ನು ನಮ್ಮ ತಲೆಯ ಮೇಲೆ ಹಾಕ್ಕೊಳ್ಳುದಾ?" ಎಂದು ಮೀಟಿಂಗಿನಲ್ಲಿ ಗಲಾಟೆಯಾಯಿತು.

ಪಂಚಾಯತ್ ಪ್ರೆಸಿಡೆಂಟ್ ಹರಿನಾಥ ಎರಡೂ ಕಡೆಯವರನ್ನು ಬೇಸರಪಡಿಸದ ಮನುಷ್ಯ. ಬೇಡವೆನ್ನಲಿಲ್ಲ, ಹಾಗೆಂದು ಬಿಟ್ಟುಬಿಡಲೂ ಇಲ್ಲ. ಆರೋಗ್ಯ ಇಲಾಖೆಯವರನ್ನೂ ಕೃಷಿ ಭವನದವರನ್ನೂ ಕೇಳಿ, ಐದು ಷರತ್ತುಗಳ ಒಂದು ನಿರ್ಣಯ ಮಾಡಿಸಿದರು. ಒಂದು, ಪಂಚಾಯತಿನ ಪರ್ಮಿಶನ್ ಇಲ್ಲದೆ ಒಂದು ಬುಟ್ಟಿಯನ್ನೂ ಹಾಕಬಾರದು. ಎರಡು, ಹಸಿಯಾಗಿ ತಿನ್ನುವ ತರಕಾರಿಗೆ, ಸೊಪ್ಪಿಗೆ ಕೂಡದು. ಮೂರು, ಹಾಕಿದ ದಿನವೇ ಮಣ್ಣಿನಲ್ಲಿ ಬೆರೆಸಿ ಮುಚ್ಚಬೇಕು. ನಾಲ್ಕು, ಬಾವಿ, ಕೆರೆ, ನೀರಿನ ಸುರಂಗಗಳಿಂದ ಮೇಲ್ಬದಿಯ ಇಳಿಜಾರಿನಲ್ಲಿ ನೂರು ಮೀಟರಿನ ಒಳಗೆ ಎಲ್ಲಿಯೂ ಹಾಕಬಾರದು. ಜಾಗದ ಬಗ್ಗೆ ಸಂಶಯವಿದ್ದರೆ ಹೆಲ್ತ್ ಇನ್ಸ್‌ಪೆಕ್ಟರರನ್ನು ಕರೆದು ತೋರಿಸಬೇಕು. ಐದು, ಮಳೆ ಹಿಡಿಯುವ ಮೊದಲು ರಾಶಿಯನ್ನೆಲ್ಲ ಮುಗಿಸಬೇಕು.

ನಿರ್ಣಯವನ್ನು ಸೆಕ್ರೆಟರಿ ಮಲಯಾಳದಲ್ಲಿ ಬರೆದು ರೋಸ್ಮೇರಿಯ ಮೇಜಿನ ಮೇಲಿಟ್ಟದ್ದು ಮಾರ್ಚಿನ ಒಂದು ಶುಕ್ರವಾರ ಮಧ್ಯಾಹ್ನ. ಅವತ್ತು, ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವಾಗ ಹಾಕಲಿಕ್ಕಿದ್ದ ಬಿಳಿ ಅಂಗಿಯನ್ನು ಉಪ್ಪಳದ ಟೈಲರನಿಂದ ತರಲಿಕ್ಕಿತ್ತು. ನಾಲ್ಕೂವರೆಯ ಬಸ್ಸು ತಪ್ಪಿದರೆ ಟೈಲರ್ ಅಂಗಡಿ ಮುಚ್ಚಿ ಹೋಗುತ್ತಿದ್ದ. ಕಪಾಟಿನಲ್ಲಿ ಉಳಿದದ್ದು ಒಂದೇ ಒಂದು ಸ್ಟೆನ್ಸಿಲ್ ಹಾಳೆ. ಪೀಠಿಕೆ ಬರೆದು, ಮೂರು ಷರತ್ತು ಬರೆಯುವಷ್ಟರಲ್ಲಿ ಹಾಳೆಯ ಬುಡದಲ್ಲಿ ನಾಲ್ಕೈದು ಸಾಲಿನ ಜಾಗವಷ್ಟೇ ಇತ್ತು. ಪ್ರೆಸಿಡೆಂಟರ ಹೆಸರು, ಆಫೀಸಿನ ಮೊಹರು ಅಲ್ಲೇ ಹಿಡಿಯಬೇಕು. ನಾಲ್ಕನೆಯದು ಎಲ್ಲಕ್ಕಿಂತ ಉದ್ದದ್ದು.

ರೋಸ್ಮೇರಿ ಗಡಿಯಾರ ನೋಡಿದಳು. ಬಾವಿಯ ಮೇಲೆ ಗೊಬ್ಬರ ಹಾಕುವಷ್ಟು ಹೆಡ್ಡರು ಯಾರಿದ್ದಾರೆ, ಸೋಮವಾರ ಬೇರೆ ಹಾಳೆ ಬಂದ ಮೇಲೆ ಸೇರಿಸಿದರಾಯಿತು ಎಂದುಕೊಂಡಳು. ನಾಲ್ಕನೆಯದನ್ನು ಬಿಟ್ಟು ಐದನೆಯದನ್ನು ಬರೆದಳು. ಮೂರರ ನಂತರ ಐದು ಎಂದಿದ್ದರೆ ಸೆಕ್ರೆಟರಿ ಕೇಳುತ್ತಾರೆಂದು ಅದಕ್ಕೆ ನಾಲ್ಕು ಎಂದು ನಂಬರ್ ಕೊಟ್ಟಳು. ಐವತ್ತು ಪ್ರತಿ ತೆಗೆದು, ಒಂದನ್ನು ಬೋರ್ಡಿಗೆ ಅಂಟಿಸಿ, ಬಸ್ಸು ಹಿಡಿದಳು. ಅಂಗಿ ಸಿಕ್ಕಿತು. ಸೋಮವಾರ ಬೇರೆ ಕೆಲಸಗಳು ಬಂದವು.

ಪರ್ಮಿಶನ್ ಕೇಳಲು ಬಂದವರು ನಾಲ್ಕೇ ಜನ. ಅವರಲ್ಲಿ ಲೋಕಯ್ಯ ಒಬ್ಬ. ಐವತ್ತಾರರ ವಯಸ್ಸು, ಸಣಕಲು ಆಳು, ಸದಾ ಸ್ವಲ್ಪ ಬಗ್ಗಿದ ಬೆನ್ನು. ಅವನ ಕಸುಬು ಸುರಂಗ ತೋಡುವುದು. ಆ ಭಾಗದ ಗುಡ್ಡಗಳಲ್ಲಿ ಬಾವಿ ತೋಡಿದರೆ ಬಂಡೆ ಸಿಗುತ್ತದೆ. ಬದಲಿಗೆ ಗುಡ್ಡದ ಬದಿಯಿಂದ ಅಡ್ಡಕ್ಕೆ ಆಳೆತ್ತರದ ಬಿಲ ಕೊರೆದರೆ ಒಳಗಿನ ಒರತೆ ತಾನಾಗಿಯೇ ಹರಿದು ಹೊರಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಅಂಥ ಸುರಂಗಗಳನ್ನು ಲೋಕಯ್ಯ ಪಿಕ್ಕಾಸು ಮತ್ತು ಮೊಂಬತ್ತಿ ಹಿಡಿದು ನಲವತ್ತರ ಮೇಲೆ ಕೊರೆದಿದ್ದ. ಮೊಂಬತ್ತಿ ಆರಿದರೆ ಉಸಿರಾಡುವ ಗಾಳಿ ಮುಗಿಯಿತೆಂದು ಲೆಕ್ಕ, ಹಿಂದೆ ಬರಬೇಕು. ಅವನ ಮನೆಗೂ ಸುತ್ತಿನ ಮತ್ತೆ ನಾಲ್ಕು ಮನೆಗಳಿಗೂ ನೀರು ಕೊಡುತ್ತಿದ್ದ ಸುರಂಗ ಅವನೇ ತರುಣನಾಗಿದ್ದಾಗ ಕೊರೆದದ್ದು. ಐದನೇ ಕ್ಲಾಸಿನ ತನಕ ಕನ್ನಡ ಕಲಿತಿದ್ದ. ಪಂಚಾಯತಿನ ನೋಟಿಸು ಬಂದರೆ ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದವನೂ ಅವನೇ.

ಅವತ್ತು ಅವನು ರೋಸ್ಮೇರಿಯ ಮೇಜಿನ ಮುಂದೆ ನಿಂತು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ ಕೊನೆಯ ತನಕ ಓದಿದ.

"ಇಷ್ಟೇ ಅಲ್ವಾ ಬಾಯಮ್ಮ? ಬೇರೆ ಎಂತದೂ ಇಲ್ಲ ಅಲ್ವಾ?"

ಹಿಂದೆ ಏಳೆಂಟು ಜನ ಪೆನ್ಶನಿನವರು ಕಾಯುತ್ತಿದ್ದರು. ಏನೋ ಒಂದು ನೆನಪು ಅವಳ ಮನಸ್ಸಿನ ಮೂಲೆಯಲ್ಲಿ ಅಲುಗಾಡಿತು. ಅದನ್ನು ಹಿಡಿಯಲು ಪುರುಸೊತ್ತಿರಲಿಲ್ಲ.

"ಇಷ್ಟೇ," ಎಂದಳು, ತಲೆ ಎತ್ತದೆ.

ಏಪ್ರಿಲ್ ಕೊನೆಯಲ್ಲಿ ಲೋಕಯ್ಯ ತನ್ನ ಅರ್ಧ ಎಕ್ರೆಯಲ್ಲಿ ಬಾಳೆಗುಂಡಿ ತೆಗೆದು, ಪ್ರತಿ ಗುಂಡಿಗೆ ಮೂರು ಬುಟ್ಟಿ ಕಪ್ಪು ಗೊಬ್ಬರ ಹಾಕಿ, ಅದೇ ದಿನ ಮಣ್ಣು ಮುಚ್ಚಿದ. ಮಳೆಯ ಮೊದಲೇ ರಾಶಿ ಮುಗಿಸಿದ. ಕಾಗದದಲ್ಲಿ ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಮಾಡಿದ.

ಮೇ ಕೊನೆಯ ವಾರ ಮಳೆ ಹೊಯ್ದಿತು. ಜೂನ್ ಐದರ ಹೊತ್ತಿಗೆ ಆ ಐದು ಮನೆಗಳಲ್ಲಿ ಒಂಬತ್ತು ಮಂದಿಗೆ ವಾಂತಿಭೇದಿ. ಲೋಕಯ್ಯನ ಹೆಂಡತಿಯೂ ಮಲಗಿದಳು. ಪಕ್ಕದ ಮನೆಯ ದೇವಕಿಯ ಎಂಟು ವರ್ಷದ ಮಗಳು ಎಲ್ಲರಿಗಿಂತ ಹೆಚ್ಚು ಬಾಡಿಹೋದಳು. ದೇವಕಿ ಬೀಡಿ ಕಟ್ಟುವವಳು. ಗಂಡ ಜಯಪಾಲ ಕಾಸರಗೋಡಿಗೆ ಹೋಗುವ ಬಸ್ಸಿನ ಡ್ರೈವರ್. ಅವನು ಮಗುವನ್ನು ತನ್ನ ಬಸ್ಸಿನಲ್ಲೇ ಮಲಗಿಸಿ, ನಡುವೆ ಎಲ್ಲಿಯೂ ನಿಲ್ಲಿಸದೆ ಆಸ್ಪತ್ರೆಗೆ ಮುಟ್ಟಿಸಿದ. ಮೂರು ದಿನ ಡ್ರಿಪ್ಪಿನಲ್ಲಿದ್ದು ಮಗು ಉಳಿಯಿತು.

ಹೆಲ್ತ್ ಇನ್ಸ್‌ಪೆಕ್ಟರ್ ಬಂದು ಸುರಂಗದ ಬಾಯಿಗೆ ಅಡ್ಡ ಕೋಲು ಕಟ್ಟಿಸಿದರು. ಲೋಕಯ್ಯನ ಬಾಳೆಗುಂಡಿಗಳು ಸುರಂಗದ ನೆತ್ತಿಯ ಮೇಲೇ ಇದ್ದವು. ಎಲ್ಲಕ್ಕಿಂತ ಕೆಳಗಿನ ಗುಂಡಿಯಿಂದ ಸುರಂಗದ ಬಾಯಿಗೆ ಅರುವತ್ತು ಹೆಜ್ಜೆ. ಮುರಕಲ್ಲಿನ ಬಿರುಕುಗಳಲ್ಲಿ ಮಳೆಯ ನೀರು ಹೇಗೆ ಇಳಿಯುತ್ತದೆಂದು ಹೇಳಲು ದೊಡ್ಡ ವಿದ್ಯೆ ಬೇಕಿರಲಿಲ್ಲ.

ಸೆಕ್ರೆಟರಿ ಆ ವರದಿ ಓದಿ, "ನಾಲ್ಕನೇ ಷರತ್ತು ಇಷ್ಟು ಸ್ಪಷ್ಟ ಇದ್ದರೂ ಹೀಗೆ ಮಾಡಿದ್ದಾನಲ್ಲ!" ಎಂದರು. ರೋಸ್ಮೇರಿಗೆ ಮಾರ್ಚಿನ ಆ ಮಧ್ಯಾಹ್ನ ಪೂರ್ತಿಯಾಗಿ ಕಣ್ಣ ಮುಂದೆ ಬಂತು. ಆ ಕ್ಷಣವೇ ಎದ್ದು, ಸರ್, ಅದು ನನ್ನ ತಪ್ಪು ಎನ್ನಬೇಕಿತ್ತು. ಬಾಯಿ ತೆರೆದಳು ಕೂಡ. ಹೊರಬಂದದ್ದು, "ಹೌದು ಸರ್," ಎಂಬ ಮಾತು.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಅವಳು ಹೊಸ ಸ್ಟೆನ್ಸಿಲಿನಲ್ಲಿ ಐದು ಷರತ್ತುಗಳನ್ನೂ ಬರೆದಳು. ಹಳೆಯ ತಾರೀಖನ್ನೇ ಹಾಕಿ ಮೊಹರು ಒತ್ತಿದಳು. ಬೋರ್ಡಿನ ಮೇಲಿದ್ದದ್ದನ್ನು ಕಿತ್ತು ಹೊಸದನ್ನು ಅಂಟಿಸಿ, ಅದು ಹಳೆಯದರಂತೆ ಕಾಣಲೆಂದು ಅಂಗೈಯಿಂದ ಉಜ್ಜಿ ಮಾಸಿಸಿದಳು. ಫೈಲಿನಲ್ಲಿದ್ದ ಪ್ರತಿಯನ್ನು ಬದಲಾಯಿಸಿದಳು. ಹಾಲಿನ ಸೊಸೈಟಿಗೂ ರೇಷನ್ ಅಂಗಡಿಗೂ ಹೋಗಿ, "ಇದು ಹರಿದಿದೆ, ಬೇರೆ ಹಾಕ್ತೇನೆ" ಎಂದಳು. ಯಾರೂ ಏನೂ ಕೇಳಲಿಲ್ಲ. ಬಾಯಮ್ಮ ಅಂದರೆ ಅಷ್ಟು ನಂಬಿಕೆ. ಹಳೆಯ ಪ್ರತಿಗಳನ್ನೆಲ್ಲ ಚೀಲದಲ್ಲಿ ಮನೆಗೆ ಒಯ್ದು ಬಚ್ಚಲ ಒಲೆಗೆ ಹಾಕಿದಳು. ಆ ಬೆಂಕಿಗೆ ಕಾದ ನೀರಿನಲ್ಲೇ ಮಗಳಿಗೆ ಸ್ನಾನ ಮಾಡಿಸಿದಳು.

ವಿಚಾರಣೆ ನಡೆದದ್ದು ಹದಿನೇಳನೇ ತಾರೀಖು, ಪಂಚಾಯತ್ ಹಾಲಿನಲ್ಲಿ. ದೇವಕಿಯೂ ನೆರೆಯವರೂ ಬಂದಿದ್ದರು. ಲೋಕಯ್ಯ ಒಗೆದ ಅಂಗಿ ಹಾಕಿಕೊಂಡು ಗೋಡೆಯ ಬದಿಗೆ ನಿಂತಿದ್ದ.

"ಷರತ್ತಿನಲ್ಲಿ ಬರೆದದ್ದನ್ನು ಓದಿಲ್ವಾ ನೀನು?" ಎಂದು ಹರಿನಾಥ ಕೇಳಿದರು.

"ಓದಿದ್ದೇನೆ. ನಾಲ್ಕು ಇತ್ತು. ನಾಲ್ಕನ್ನೂ ಓದಿದ್ದೇನೆ."

"ನಾಲ್ಕಲ್ಲ ಮಾರಾಯ, ಐದು. ಸುರಂಗದ ಮೇಲೆ ಹಾಕಬಾರದು ಅಂತ ಉಂಟು."

"ಅದು ಇರ್ಲಿಲ್ಲ. ಇದ್ದಿದ್ದರೆ ನಾನು ಹಾಕ್ತಿದ್ದೆನಾ? ನಾನೂ ಅದೇ ನೀರು ಕುಡಿಯುದಲ್ವಾ?"

"ನಿನಗೆ ಕೊಟ್ಟ ಕಾಗದ ಎಲ್ಲಿ?"

ಅದನ್ನು ಅವನು ಮನೆಯ ಗೋಡೆಗೆ ಅಂಟಿಸಿದ್ದ. ಮೊದಲ ಮಳೆಗೆ ಮಾಡು ಸೋರಿ ಅದು ಹರಿದು ಬಿದ್ದಿತ್ತು. ಪರ್ಮಿಶನ್ ತೆಗೆದುಕೊಂಡ ಉಳಿದ ಮೂವರು ಕಾಗದವನ್ನು ಓದಿರಲೂ ಇಲ್ಲ, ಇಟ್ಟುಕೊಂಡಿರಲೂ ಇಲ್ಲ.

"ರೋಸ್ಮೇರಿ ಮೇಡಂ, ಫೈಲ್ ಕಾಪಿ ಸ್ವಲ್ಪ ಓದಿ," ಎಂದರು ಹರಿನಾಥ.

ಅವಳು ಎದ್ದು ನಿಂತು ಓದಿದಳು. ಧ್ವನಿ ನಡುಗಲಿಲ್ಲ, ಅದು ಆಮೇಲೆ ಅವಳಿಗೇ ಹೇಸಿಗೆ ಹುಟ್ಟಿಸಿತು. ನಾಲ್ಕನೆಯದನ್ನು ಓದುವಾಗ ಲೋಕಯ್ಯ ಎರಡು ಹೆಜ್ಜೆ ಮುಂದೆ ಬಂದು ಅವಳ ಮುಖವನ್ನೇ ನೋಡಿದ. ಆ ನೋಟದಲ್ಲಿ ಸಂಶಯವಿರಲಿಲ್ಲ. ಪರೀಕ್ಷೆಯಲ್ಲಿ ಸರಿ ಉತ್ತರ ಬರೆದೆನೆಂದುಕೊಂಡಿದ್ದ ಹುಡುಗ ಮಾಸ್ತರರನ್ನು ನೋಡುವ ಹಾಗಿತ್ತು.

"ಬಾಯಮ್ಮ ಓದಿದ್ದು ಅಂದಮೇಲೆ ಸರಿಯೇ ಇರ್ಬೇಕು," ಎಂದ ಅವನು, ನಿಧಾನವಾಗಿ. "ನನ್ನ ಕಣ್ಣಿಗೆ ಅದು ಹೇಗೆ ಬೀಳಲಿಲ್ಲವೋ. ತಪ್ಪಾಯಿತು."

ದೇವಕಿ ಅಳುತ್ತಲೇ ಕೂಗಿದಳು: "ಓದ್ಲಿಕ್ಕೆ ಬರುದಿಲ್ಲ ಅಂತಾದರೆ ಊರಿಗೆಲ್ಲ ಓದಿ ಹೇಳ್ಲಿಕ್ಕೆ ಯಾಕೆ ಹೋಗುದು ನೀವು? ನನ್ನ ಮಗು ಸಾಯ್ತಿತ್ತು!"

ಲೋಕಯ್ಯ ತಲೆ ತಗ್ಗಿಸಿದ. ಗುಂಡಿಗಳ ಮಣ್ಣನ್ನೆಲ್ಲ ಕೆರೆದು ತೆಗೆದು ಗುಡ್ಡದ ಆಚೆ ಬದಿಯಲ್ಲಿ ಹೂಳಬೇಕೆಂದು ನಿರ್ಣಯವಾಯಿತು. ಜಡಿಮಳೆಯಲ್ಲಿ ಅವನೊಬ್ಬನೇ ಹನ್ನೊಂದು ದಿನ ಮಣ್ಣು ಹೊತ್ತ. ಐದು ಮನೆಯವರು ಅರ್ಧ ಮೈಲು ದೂರದ ಶಾಲೆಯ ಬಾವಿಯಿಂದ ಕೊಡದಲ್ಲಿ ನೀರು ತರಬೇಕಾಯಿತು. ಲೋಕಯ್ಯನ ಹೆಂಡತಿ ಬಾವಿಯ ಹತ್ತಿರ ಬಂದರೆ ಉಳಿದ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಸುರಂಗ ತೋಡಲು ಅವನನ್ನು ಯಾರೂ ಕರೆಯಲಿಲ್ಲ. ಆಮೇಲೆ ನೋಟಿಸು ಓದಿ ಹೇಳಲೂ ಕರೆಯಲಿಲ್ಲ.

ರೋಸ್ಮೇರಿಯ ಗಂಡ ರೇಮಂಡ್‌ಗೆ ಉಪ್ಪಳದಲ್ಲಿ ರೇಡಿಯೋ ರಿಪೇರಿಯ ಅಂಗಡಿ. ಅವಳು ಊಟ ಬಿಟ್ಟು ಎದ್ದುಹೋಗುವುದನ್ನು ನಾಲ್ಕು ದಿನ ನೋಡಿ ಅವನು ಕೇಳಿದ. ಅವಳು ಕೊಂಕಣಿಯಲ್ಲಿ, ತಡೆತಡೆದು, ಎಲ್ಲವನ್ನೂ ಹೇಳಿದಳು. ಅವನು, "ಬಿಟ್ಟುಹೋದದ್ದು ಅಂತ ಮೊದಲೇ ಹೇಳಿದ್ದರೆ ಒಂದು ಮೆಮೋದಲ್ಲಿ ಮುಗಿಯುತ್ತಿತ್ತು. ಕಾಗದ ಬದಲಾಯಿಸಿದ್ದು ಗೊತ್ತಾದರೆ ಕೆಲಸವೇ ಹೋದೀತು ರೋಸಿ. ಮಗು ಹುಷಾರಾಗಿದೆಯಲ್ಲ. ಜನ ಮರೆಯುತ್ತಾರೆ," ಎಂದ. ಅವನ ಮಾತು ಕೇಳಿ ಅವಳಿಗೆ ಒಂದು ರೀತಿಯ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ಅನುಭವಿಸುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಶನಿವಾರ ಇಗರ್ಜಿಗೆ ಹೋಗಿ ಪಾಪನಿವೇದನೆ ಮಾಡಿಕೊಂಡಳು. ಜಾಲರಿಯ ಆಚೆ ಪಾದ್ರಿಗಳು ಕಾಯುತ್ತಿದ್ದರು. "ಕೆಲಸದಲ್ಲಿ ಉದಾಸೀನ ಮಾಡಿದ್ದೇನೆ, ಅದರಿಂದ ಬೇರೆಯವರಿಗೆ ತೊಂದರೆಯಾಗಿದೆ," ಎಂದಳು. ಹತ್ತು ನಮೋ ಮರಿಯ ಪ್ರಾರ್ಥನೆಗಳ ಪ್ರಾಯಶ್ಚಿತ್ತ ಸಿಕ್ಕಿತು. ಬೆಂಚಿನಲ್ಲಿ ಮೊಣಕಾಲೂರಿ ಹತ್ತನ್ನೂ ಹೇಳಿ ಮುಗಿಸುವಾಗ ಅವಳಿಗೆ ಹೊಳೆಯಿತು: ದೇವರ ಮುಂದೆಯೂ ತಾನು ಆಫೀಸಿನ ಭಾಷೆಯಲ್ಲೇ ಮಾತಾಡಿದ್ದೆ, ಕೆಟ್ಟ ಸಾಲನ್ನು ಬಿಟ್ಟು ಉಳಿದದ್ದನ್ನು ಹೇಳಿದ್ದೆ. ಪುನಃ ಹೋಗಿ ಸರಿಪಡಿಸುವ ಧೈರ್ಯವಾಗಲಿಲ್ಲ. ಮರುದಿನ ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳಲು ಸಾಲಿನಲ್ಲಿ ನಿಲ್ಲಲಿಲ್ಲ. ಮಗಳು, "ಯಾಕೆ ಮಮ್ಮಿ?" ಎಂದಳು. ಹೊಟ್ಟೆ ಸರಿ ಇಲ್ಲ ಎಂದು ಇನ್ನೊಂದು ಸುಳ್ಳು ಹೇಳಿದಳು.

ಜುಲೈ ಕಳೆಯಿತು. ಆಗಸ್ಟಿನ ಕೊನೆಯಲ್ಲಿ ಒಂದು ದಿನ, ಜೋರು ಮಳೆ ಬಿಟ್ಟು ಬಿಸಿಲು ಬಿದ್ದಿದ್ದ ಹೊತ್ತಿಗೆ, ಲೋಕಯ್ಯ ಆಫೀಸಿಗೆ ಬಂದ. ಮನೆ ತೆರಿಗೆ ಕಟ್ಟಲು ಬಂದದ್ದು. ರಶೀದಿ ಬರೆಯುವಾಗ ರೋಸ್ಮೇರಿ ಅವನ ಮುಖ ನೋಡದಿರಲು ಪ್ರಯತ್ನಪಟ್ಟಳು. ಅವನೇ ಮಾತೆತ್ತಿದ.

"ಬಾಯಮ್ಮ, ಒಂದು ಕೇಳ್ತೇನೆ. ನಿಮಗೆ ಗುರುತಿನ ಡಾಕ್ಟರು ಯಾರಾದರೂ ಇದ್ದಾರಾ?"

"ಎಂತ ಆಯಿತು? ಮನೆಯಲ್ಲಿ ಹುಷಾರಿಲ್ವಾ?"

"ಅವಳು ಗುಣವಾಗಿದ್ದಾಳೆ. ನನಗೆ." ಅವನು ಸ್ವಲ್ಪ ಹತ್ತಿರ ಬಂದು ಧ್ವನಿ ತಗ್ಗಿಸಿದ. "ಮೊನ್ನೆ ಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ಆಯಿತಲ್ವಾ, ನಾನೂ ಹೋಗಿದ್ದೆ. ಒಂದು ಇಡೀ ಸಾಲು ಕಣ್ಣಿಗೆ ಬೀಳದಿದ್ದರೆ ಕಣ್ಣಿನಲ್ಲಿ ಎಂತದೋ ದೋಷ ಇರ್ಬೇಕಲ್ಲ ಅಂತ. ಅವರು ಎಲ್ಲ ನೋಡಿ, ನಿನ್ನ ಪ್ರಾಯಕ್ಕೆ ಇಷ್ಟು ಒಳ್ಳೆಯ ಕಣ್ಣು ಬೇರೆ ಯಾರಿಗೂ ಇಲ್ಲ ಅಂದರು."

ರೋಸ್ಮೇರಿಯ ಪೆನ್ನು ನಿಂತಿತು.

"ಹಾಗಾದರೆ ತಲೆಗೇ ಎಂತದೋ ಆಗಿರ್ಬೇಕು," ಎಂದ ಲೋಕಯ್ಯ. "ನನ್ನ ಅಪ್ಪನಿಗೂ ಕೊನೆಕೊನೆಗೆ ಹಾಗೇ ಆಗಿತ್ತು. ಮಗನ ಗುರುತು ಸಿಕ್ತಿರ್ಲಿಲ್ಲ. ಸುರಂಗದ ಒಳಗೆ ಹೋಗುವವನಿಗೆ ತಲೆ ಸರಿ ಇರ್ಬೇಕಲ್ವಾ ಬಾಯಮ್ಮ? ಯಾರಾದರೂ ಕರೆದರೂ ಈಗ ಹೋಗ್ಲಿಕ್ಕೆ ಹೆದರಿಕೆ. ಅದಕ್ಕೆ ಕೇಳಿದ್ದು, ತಲೆಯ ಡಾಕ್ಟರು ಯಾರಾದರೂ..."

ಅವಳು ರಶೀದಿ ಮುಗಿಸಿ ಅವನ ಕಡೆ ತಳ್ಳಿ, ಎದ್ದು ಹಿಂದಿನ ರೆಕಾರ್ಡ್ ರೂಮಿಗೆ ಹೋದಳು. ಕಪಾಟಿಗೆ ಹಣೆ ಒತ್ತಿ ನಿಂತಳು. ಅವನ ಕಸುಬು, ನೆರೆಹೊರೆ ಎಲ್ಲ ಹೋಯಿತೆಂದು ಅವಳಿಗೆ ಗೊತ್ತಿತ್ತು. ಅವನಿಗೆ ಅವನ ಮೇಲಿದ್ದ ನಂಬಿಕೆಯನ್ನೂ ತಾನೇ ಕಿತ್ತುಕೊಂಡಿದ್ದೇನೆಂದು ಅವತ್ತಿನ ತನಕ ಗೊತ್ತಿರಲಿಲ್ಲ. ತಿರುಗಿ ಬಂದಾಗ ಅವನು ರಶೀದಿಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಮೆಟ್ಟಲು ಇಳಿಯುತ್ತಿದ್ದ. ಕರೆಯಬೇಕೆಂದುಕೊಂಡಳು. ಕರೆಯಲಿಲ್ಲ. ಸಭೆಯಲ್ಲಿ ಮಾಡಿದ ಅನ್ಯಾಯವನ್ನು ಸಭೆಯಲ್ಲೇ ಹೇಳಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಗೆ ಹೇಳಿಕೊಂಡದ್ದರಿಂದ ಇನ್ನೂ ಹತ್ತು ದಿನ ಸಿಕ್ಕಿತು.

ಗ್ರಾಮಸಭೆ ಸೆಪ್ಟೆಂಬರ್ ಏಳನೇ ತಾರೀಖು, ಆದಿತ್ಯವಾರ, ಶಾಲೆಯ ಹಾಲಿನಲ್ಲಿ. ಕಪ್ಪು ಗೊಬ್ಬರವನ್ನು ಪೂರ್ತಿ ನಿಲ್ಲಿಸಬೇಕೋ, ಷರತ್ತು ಬಿಗಿ ಮಾಡಿ ಬಿಡಬೇಕೋ ಎಂಬುದೇ ಮುಖ್ಯ ವಿಷಯ. ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. ಹರಿನಾಥ ಮೈಕಿನ ಮುಂದೆ, "ಷರತ್ತು ಎಷ್ಟು ಬಿಗಿ ಮಾಡಿದರೂ ಓದಿ ನಡೆಯದವರು ಇದ್ದರೆ ಪಂಚಾಯತ್ ಎಂತ ಮಾಡ್ಲಿಕ್ಕಾಗ್ತದೆ?" ಎಂದಾಗ ಕೆಲವರು ತಿರುಗಿ ಹಿಂದಿನ ಬೆಂಚಿನಲ್ಲಿದ್ದ ಲೋಕಯ್ಯನನ್ನು ನೋಡಿದರು.

ನಡವಳಿ ಬರೆಯುತ್ತಿದ್ದ ರೋಸ್ಮೇರಿ ಪೆನ್ನು ಕೆಳಗಿಟ್ಟು ಎದ್ದಳು. "ನನಗೆ ಒಂದು ಮಾತು ಹೇಳ್ಲಿಕ್ಕುಂಟು."

"ಆಮೇಲೆ ಹೇಳಿ ಮೇಡಂ."

"ಆಮೇಲೆ ಆಗುದಿಲ್ಲ." ಅವಳು ಮೈಕಿನ ಹತ್ತಿರ ಹೋಗಲಿಲ್ಲ. ಮೇಜನ್ನು ಹಿಡಿದುಕೊಂಡೇ ನಿಂತಳು. "ಲೋಕಯ್ಯ ಹೇಳಿದ್ದು ಸತ್ಯ. ಅವರು ಓದಿದ ಕಾಗದದಲ್ಲಿ ಸುರಂಗದ ಷರತ್ತು ಇರ್ಲಿಲ್ಲ. ಕನ್ನಡ ಮಾಡುವಾಗ ಅದನ್ನು ಬಿಟ್ಟದ್ದು ನಾನು. ಜಾಗ ಸಾಲ್ಲಿಲ್ಲ ಅಂತ ಬಿಟ್ಟೆ. ಇಷ್ಟೇನಾ ಅಂತ ಅವರು ಕೇಳಿದ್ದಾರೆ. ಇಷ್ಟೇ ಅಂತ ನಾನು ಹೇಳಿದ್ದೇನೆ."

ಹರಿನಾಥರ ಮುಖ ಕಪ್ಪಿಟ್ಟಿತು. "ಮೇಡಂ, ನಿಮಗೆ ತಪ್ಪು ನೆನಪಾಗಿರ್ಬೇಕು. ಫೈಲಿನಲ್ಲಿ ಐದೂ ಉಂಟಲ್ಲ. ಕೂತ್ಕೊಳ್ಳಿ, ನಾವು ಆಫೀಸಿನಲ್ಲಿ ಮಾತಾಡುವ."

ಅವರು ಕೊಟ್ಟ ದಾರಿ ತೆರೆದೇ ಇತ್ತು. ಕೂತರೆ ಸಾಕಿತ್ತು.

"ಫೈಲಿನಲ್ಲಿ ಇರುದು ನಾನು ಆಮೇಲೆ ಬರೆದದ್ದು," ಎಂದಳು. "ಹಳೆಯದನ್ನು ತೆಗೆದು ಸುಟ್ಟದ್ದೂ ನಾನೇ."

ಮುಂದಿನ ಸಾಲಿನಿಂದ ದೇವಕಿ ಎದ್ದಳು. ಅವಳು ಕೂಗಲಿಲ್ಲ. "ಯಾವಾಗ ಬಾಯಮ್ಮ? ಸುಟ್ಟದ್ದು ಯಾವಾಗ?"

"ಜೂನ್ ಆರಕ್ಕೆ."

"ಆರಕ್ಕೆ ನನ್ನ ಮಗು ಆಸ್ಪತ್ರೆಯಲ್ಲಿತ್ತು."

"ಹೌದು."

"ಅದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ದೇವಕಿ ಅವಳನ್ನೇ ನೋಡುತ್ತ ನಿಂತಳು. ಬೈದಿದ್ದರೆ ರೋಸ್ಮೇರಿಗೆ ಸುಲಭವಾಗುತ್ತಿತ್ತು. ದೇವಕಿ ಸೆರಗಿನಿಂದ ಮುಖ ಒರೆಸಿಕೊಂಡು, ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹಿಂದೆ ಹೋಗಿ, ಲೋಕಯ್ಯನ ಮುಂದೆ ನಿಂತಳು. ಅವನ ಕೈ ಹಿಡಿದಳು. ಲೋಕಯ್ಯ ಅವಳ ಕೈಯನ್ನು ಮೆಲ್ಲನೆ ಬಿಡಿಸಿ, ರೋಸ್ಮೇರಿಯ ಕಡೆ ಒಮ್ಮೆಯೂ ನೋಡದೆ, ಕೊಡೆ ತೆಗೆದುಕೊಂಡು ಹೊರಗೆ ಹೋದ.

ಮರುವಾರ ಮೆಮೋ ಬಂತು, ಅದರ ಹಿಂದೆಯೇ ಸಸ್ಪೆನ್ಶನ್. ರೋಸ್ಮೇರಿ ಮನೆಯಲ್ಲಿ ಕೂತಳು. ಪೇಟೆಗೆ ಹೋದರೆ ಗುರುತಿನವರು ಅಂಗಡಿಯ ಒಳಗೆ ಸರಿದು ನಿಲ್ಲುತ್ತಿದ್ದರು. ರೇಮಂಡ್ ಅಂಗಡಿಯಿಂದ ಬೇಗ ಬಂದು ಅಡುಗೆಮನೆಯಲ್ಲಿ ಅವಳ ಜೊತೆ ತೆಂಗಿನಕಾಯಿ ತುರಿಯುತ್ತಿದ್ದ.

ಮುಂದಿನ ಎರಡು ತಿಂಗಳಲ್ಲಿ ಪಂಚಾಯತ್ ಹೊಸ ನಿಯಮ ಮಾಡಲು ಹೊರಟಿತು. ಗ್ರಾಮದಲ್ಲಿ ಎಷ್ಟು ಸುರಂಗಗಳಿವೆಯೆಂಬ ಲೆಕ್ಕ ಯಾವ ಆಫೀಸಿನಲ್ಲೂ ಇರಲಿಲ್ಲ. ಕೆಲವಕ್ಕೆ ಬಾಯಿ ಕುಸಿದು, ಮೇಲೆ ಗೇರು ಬೆಳೆದಿತ್ತು. ಕೊನೆಗೆ ಲೋಕಯ್ಯನನ್ನೇ ಕರೆದರು. ಅವನು ಮೊದಲು ಬರುವುದಿಲ್ಲ ಎಂದನಂತೆ. ಜಯಪಾಲ ಹೋಗಿ ಒತ್ತಾಯ ಮಾಡಿದ ಮೇಲೆ ಹೆಲ್ತ್ ಇನ್ಸ್‌ಪೆಕ್ಟರ್ ಜೊತೆ ಗುಡ್ಡ ಗುಡ್ಡ ಸುತ್ತಿ ನೂರ ಇಪ್ಪತ್ತೇಳು ಸುರಂಗಗಳನ್ನು ತೋರಿಸಿದ. ಒಂದೊಂದರ ಮೇಲ್ಬದಿಗೂ ಅಳತೆ ಹಿಡಿದು, ಇಲ್ಲಿಂದ ಕೆಳಗೆ ಗೊಬ್ಬರ ಇಳಿಯಬಾರದೆಂದು ಕೆಂಪು ಬಣ್ಣ ಬಳಿದ ಕಲ್ಲು ನೆಡಿಸಿದರು.

ನವೆಂಬರಿನ ಒಂದು ಮಧ್ಯಾಹ್ನ ರೋಸ್ಮೇರಿಯ ಮನೆಯ ಅಂಗಳದಲ್ಲಿ ಲೋಕಯ್ಯ ಮತ್ತು ಜಯಪಾಲ ನಿಂತಿದ್ದರು. ಲೋಕಯ್ಯನ ಕೈಯಲ್ಲಿ ಕಾಗದದ ಒಂದು ಕಟ್ಟು.

"ಹೊಸ ನಿಯಮ," ಎಂದ. "ಮಲಯಾಳದಲ್ಲಿ ಉಂಟು. ಗ್ರಾಮಸಭೆಗೆ ಕನ್ನಡದಲ್ಲಿ ಬೇಕು. ನಿಮ್ಮ ಜಾಗಕ್ಕೆ ಬಂದವರಿಗೆ ಕನ್ನಡ ಬರುದಿಲ್ಲ."

"ಆಫೀಸಿನವರು ಕಳಿಸಿದ್ದಾ?"

"ಅಲ್ಲ. ನಾನೇ ಕೇಳಿ ತಂದದ್ದು. ನೀವು ಗಟ್ಟಿಯಾಗಿ ಓದಿ, ಒಂದೊಂದು ಸಾಲೂ ಕನ್ನಡದಲ್ಲಿ ಹೇಳಿ. ನಾನು ಬರೀತೇನೆ. ಇವನಿಗೆ ಮಲಯಾಳ ಓದ್ಲಿಕ್ಕೆ ಬರ್ತದೆ. ಪಕ್ಕದಲ್ಲಿ ಕೂತು ನೋಡ್ತಾನೆ."

ಯಾಕೆ ನೋಡುತ್ತಾನೆಂದು ಯಾರೂ ಹೇಳಬೇಕಾಗಿರಲಿಲ್ಲ. ರೋಸ್ಮೇರಿ ಜಗಲಿಯಲ್ಲಿ ಚಾಪೆ ಹಾಸಿದಳು. ಅವಳು ಓದಿದಳು, ಜಯಪಾಲ ಅವಳ ಭುಜದ ಬದಿಯಿಂದ ಸಾಲಿನ ಮೇಲೆ ಬೆರಳು ಸರಿಸುತ್ತ ಹೋದ. ಎರಡು ಸಲ ತಡೆದ. "ಇಲ್ಲಿ ಒಂದು ಶಬ್ದ ಬಿಟ್ಟಿರಿ." ಒಮ್ಮೆ ಅವನೇ ತಪ್ಪಿದ್ದ, ಒಮ್ಮೆ ಅವಳು ನಿಜವಾಗಿಯೂ ಬಿಟ್ಟಿದ್ದಳು. ಆ ಸಾಲನ್ನು ಅವಳು ಮೊದಲಿನಿಂದ ಪುನಃ ಓದಿದಳು. ಲೋಕಯ್ಯ ಶಾಲೆಯ ಹುಡುಗನ ದುಂಡು ಅಕ್ಷರದಲ್ಲಿ ಬರೆಯುತ್ತ ಹೋದ. ಮೂರು ಗಂಟೆ ಹಿಡಿಯಿತು.

ಮುಗಿದ ಮೇಲೆ ಅವನು ಕಾಗದಗಳನ್ನು ಜೋಡಿಸುತ್ತ ಹೇಳಿದ, "ನನಗೂ ಗೊತ್ತಿರ್ಬೇಕಿತ್ತು. ಇಷ್ಟು ವರ್ಷ ಸುರಂಗ ತೋಡಿದವ. ನೀರು ಮೇಲಿಂದ ಇಳಿಯುದು ಅಂತ ನನಗೆ ನೋಟಿಸು ಓದಿ ಗೊತ್ತಾಗ್ಬೇಕಾ? ಶುದ್ಧ ಮಾಡಿದ್ದು ಅಂದರು, ಕಾಗದದಲ್ಲಿ ನೀರಿನ ಮಾತೇ ಇರ್ಲಿಲ್ಲ, ಹಾಗಾದರೆ ತೊಂದರೆ ಇರ್ಲಿಕ್ಕಿಲ್ಲ ಅಂದ್ಕೊಂಡೆ. ನನ್ನ ಬುದ್ಧಿಗಿಂತ ಕಾಗದ ದೊಡ್ಡದು ಅಂತ."

ರೋಸ್ಮೇರಿಯ ಎದೆ ಒಂದು ಕ್ಷಣ ಹಗುರವಾಯಿತು. ಅವನು ಅದನ್ನು ಕಂಡನೋ ಏನೋ.

"ಅದು ನನ್ನ ತಪ್ಪು. ಅದನ್ನು ನಾನು ಹೊತ್ತುಕೊಳ್ತೇನೆ," ಎಂದ. "ಆದರೆ ನನಗೆ ಮರುಳು ಹಿಡಿಯಿತು ಅಂತ ಮಾಡಿದಿರಲ್ಲ, ಅದು ನಿಮ್ಮದು."

"ಹೌದು," ಎಂದಳು ಅವಳು. ಕ್ಷಮಿಸಿ ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಕೇಳಿದರೆ ಅವನು ಉತ್ತರ ಕೊಡಬೇಕಾಗುತ್ತದೆ, ಆ ಭಾರವನ್ನೂ ಅವನ ಮೇಲೆ ಹಾಕಿದಂತಾಗುತ್ತದೆ ಎನಿಸಿ ನುಂಗಿಕೊಂಡಳು. "ಚಾ ಮಾಡ್ತೇನೆ, ಕೂತ್ಕೊಳ್ಳಿ."

"ಬೇಡ," ಎಂದ ಲೋಕಯ್ಯ. ಸಿಟ್ಟಿನಿಂದೇನೂ ಅಲ್ಲ. "ಬಸ್ಸು ಉಂಟು." ಜಯಪಾಲ ಮಾತ್ರ ಮೆಟ್ಟಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ಮಗಳು ಶಾಲೆಗೆ ಹೋಗುತ್ತಿದ್ದಾಳೆ ಎಂದು ಹೇಳಿ ಹೋದ.

ಹೊಸ ನಿಯಮ ಗ್ರಾಮಸಭೆಯಲ್ಲಿ ಪಾಸಾಯಿತು. ಕೆಂಪು ಕಲ್ಲಿನ ಕೆಳಗೆ ಕಪ್ಪು ಗೊಬ್ಬರ ಇಳಿಯುವುದು ನಿಂತಿತು; ಅಷ್ಟು ಜಾಗ ಬಿಟ್ಟರೆ ಗುಡ್ಡದಲ್ಲಿ ಉಳಿಯುವುದು ಸ್ವಲ್ಪವೇ ಆದ್ದರಿಂದ ಕಂಟ್ರಾಕ್ಟರನ ಲಾರಿಯೂ ಮೆಲ್ಲಮೆಲ್ಲನೆ ಬರುವುದನ್ನು ಬಿಟ್ಟಿತು. ಮುಂದಿನ ಮಳೆಗಾಲ ಕಳೆದು, ನೀರನ್ನು ಎರಡು ಸಲ ಪರೀಕ್ಷೆ ಮಾಡಿಸಿದ ಮೇಲೆ ಐದು ಮನೆಗಳ ಸುರಂಗದ ಅಡ್ಡಕೋಲು ಬಿಚ್ಚಿದರು. ಲೋಕಯ್ಯನಿಗೆ ಪುನಃ ಕೆಲಸ ಸಿಗತೊಡಗಿತೆಂದು ರೋಸ್ಮೇರಿ ಬೇರೆಯವರಿಂದ ಕೇಳಿ ತಿಳಿದಳು.

ಅಷ್ಟರಲ್ಲಿ ಅವಳ ಸಸ್ಪೆನ್ಶನ್ ಮುಗಿದು, ಎರಡು ಇನ್‌ಕ್ರಿಮೆಂಟು ಕಡಿತವಾಗಿ, ಜಿಲ್ಲೆಯ ತೆಂಕು ತುದಿಯ ಒಂದು ಪಂಚಾಯತಿಗೆ ವರ್ಗವಾಗಿತ್ತು. ಹೋಗಿ ಬರಲು ದಿನಕ್ಕೆ ಐದು ಗಂಟೆಯ ಬಸ್ಸು. ಅಲ್ಲಿ ಎಲ್ಲರೂ ಮಲಯಾಳದವರು. ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದ ಮೇಜಿನ ಹಿರಿಯ ಗುಮಾಸ್ತರು ಬುತ್ತಿ ಬಿಚ್ಚುತ್ತ, ನಿಮ್ಮ ಸಂಗತಿ ಕೇಳಿದ್ದೇನೆ, ಯಾರೂ ಹಿಡಿಯದಿದ್ದರೂ ನೀವಾಗಿಯೇ ಸಭೆಯಲ್ಲಿ ಎದ್ದು ಒಪ್ಪಿಕೊಂಡಿರಂತೆ, ಎಷ್ಟು ಜನಕ್ಕೆ ಆ ಮನಸ್ಸು ಬರುತ್ತದೆ ಎಂದರು. ಉಳಿದವರೂ ಕೈತುತ್ತು ನಿಲ್ಲಿಸಿ ಮೆಚ್ಚುಗೆಯಿಂದ ಅವಳ ಕಡೆ ತಿರುಗಿದರು.

ಸುಮ್ಮನಿದ್ದರೆ ಆಗುತ್ತಿತ್ತು. ರೋಸ್ಮೇರಿ ಬುತ್ತಿಯ ಮುಚ್ಚಳ ಮುಚ್ಚಿದಳು.

"ಮೂರು ತಿಂಗಳ ಮೇಲೆ ಹೇಳಿದ್ದು," ಎಂದಳು. "ಆ ಮೂರು ತಿಂಗಳು ಎಂತಾಯಿತು ಅಂತ ನಿಮಗೆ ಯಾರೂ ಹೇಳಿಲ್ಲ."

ಮತ್ತು ಅವರಿಗೆ ಅದನ್ನು ಮೊದಲಿನಿಂದ ಹೇಳತೊಡಗಿದಳು.